ಬಲಕ್ಕೆ ಬಿತ್ತು ಎಂದರು

ತಾಟು ಮುಂದಿಟ್ಟು ಶೆಟ್ಟೆವ್ವ ಹೇಳುತ್ತಿದ್ದಳು: "ಬಲಕ್ಕ ಬದನಿಕಾಯಿ ಪಲ್ಲೆ ಐತಿ. ಎಡಕ್ಕ ಶೇಂಗಾ ಹಿಂಡಿ. ಮೊಸರಿನ ವಾಟಿ ಮ್ಯಾಲ."

ಶಿದ್ಲಿಂಗಪ್ಪ ರೊಟ್ಟಿ ಮುರಿದು ಬಲಕ್ಕೆ ಕೈ ಒಯ್ಯುತ್ತಿದ್ದ. ಪಲ್ಯ ಅಲ್ಲೇ ಇರುತ್ತಿತ್ತು. ಅವನ ಎರಡೂ ಕಣ್ಣಿಗೆ ಪೊರೆ ಕಟ್ಟಿ ಎರಡು ವರ್ಷವಾಗಿತ್ತು. ಎದುರು ಬಂದವರ ಮುಖ ಹೊಗೆಯೊಳಗೆ ನಿಂತಂತೆ ಕಾಣುತ್ತಿತ್ತು. ತಾಟಿನಲ್ಲಿದ್ದದ್ದೆಲ್ಲ ಒಂದೇ ಬಣ್ಣ. ಆದರೂ ಅವನ ಕೈ ಒಮ್ಮೆಯೂ ತಪ್ಪಿ ಖಾರದ ಹಿಂಡಿಗೆ ಹೋಗಿರಲಿಲ್ಲ. ಹೆಂಡತಿ ಬಲಕ್ಕೆ ಅಂದರೆ ಬಲಕ್ಕೆ, ಎಡಕ್ಕೆ ಅಂದರೆ ಎಡಕ್ಕೆ.

ಮಮದಾಪುರದ ಬಸವಣ್ಣನ ಗುಡಿಯಲ್ಲಿ ಶ್ರಾವಣ ಪೂರ್ತಿ ಸಂಜೆ ಪುರಾಣ ಹಚ್ಚುತ್ತಾರೆ. ಅರ್ಥ ಹೇಳುವವರು ಬದಲಾಗುತ್ತ ಬಂದಿದ್ದರು, ಓದುವವನು ಮಾತ್ರ ಶಿದ್ಲಿಂಗಪ್ಪನೇ. ಅವನು ಪದ್ಯವನ್ನೆತ್ತಿಕೊಂಡು ಮೂರನೆಯ ಸಾಲಿಗೆ ದನಿ ಏರಿಸಿ ಒಂದು ಉಸಿರು ನಿಂತರೆ, ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುವವರ ಬಾಯಿಯೂ ನಿಲ್ಲುತ್ತಿತ್ತು. ಕಳೆದ ಶ್ರಾವಣದಲ್ಲಿ ಅವನು ನಿಲ್ಲಬಾರದ ಕಡೆ ನಿಂತ. ಬಾಯಿಪಾಠವಿದ್ದ ಅಧ್ಯಾಯ ಮುಗಿದು ಮುಂದಿನದು ಬಂದಾಗ ಅಕ್ಷರ ಕಾಣಲಿಲ್ಲ. ಮಗ್ಗುಲಲ್ಲಿ ಕುಳಿತಿದ್ದ ತರುಣ ಯಲ್ಲಾಲಿಂಗ ಸಾಲನ್ನು ಮೆಲ್ಲಗೆ ಹೇಳಿಕೊಟ್ಟ. ಜನರಲ್ಲಿ ಯಾರೂ ಏನೂ ಅನ್ನಲಿಲ್ಲ.

"ಅಂದಿದ್ರ ಇಷ್ಟ ನೋಯತಿದ್ದಿಲ್ಲ," ಎಂದು ಅವನು ಆ ದಿನ ಮನೆಗೆ ಬಂದು ಶೆಟ್ಟೆವ್ವನಿಗೆ ಹೇಳಿದ್ದ. "ಮುಂದಿನ ಶ್ರಾವಣಕ್ಕ ನಾನ ಓದತೇನಿ. ಹೇಳಿಸ್ಕೊಂಡ ಓದಾಂಗಿಲ್ಲ."

ಕಾರ ಹುಣ್ಣಿಮೆ ಕಳೆದ ಮೇಲೆ ನೆರೆಮನೆಯ ಅಣ್ಣಪ್ಪ ಅವನನ್ನು ಮೂಡಲಗಿಗೆ ಕರೆದುಕೊಂಡು ಹೋದ. ಅಣ್ಣಪ್ಪನ ಕಣ್ಣು ಮಾಡಿದ್ದು ಅಲ್ಲಿನ ಸೋನಾಲಿ ಡಾಕ್ಟರಬಾಯಿ. ಆಕೆ ಶಿದ್ಲಿಂಗಪ್ಪನ ಗದ್ದವನ್ನು ಯಂತ್ರದ ಮೇಲೆ ಇಡಿಸಿ ನೋಡಿ, ಕುರ್ಚಿ ಎಳೆದುಕೊಂಡು ಎದುರೇ ಕುಳಿತು ಕೇಳಿದಳು:

"ಕಾಕಾ, ದಿನಾ ಏನ ಮಾಡತೀರಿ? ಗಾಡಿ ಹೊಡಿತೀರೇನು?"

"ಇಲ್ಲರಿ ಬಾಯಾರ. ಪುರಾಣ ಓದತೇನಿ."

"ಹಂಗಾರ ನಿಮಗ ಹತ್ತಿರದ್ದು ಕಾಣಬೇಕು. ನೋಡ್ರಿ, ಒಳಗ ಲೆನ್ಸ್ ಕೂಡಿಸೋವಾಗ ದೂರಕ್ಕ ಹೊಂದೂದು ಒಂದು, ಹತ್ತಿರಕ್ಕ ಹೊಂದೂದು ಒಂದು. ಎಲ್ಲಾರೂ ದೂರದ್ದ ಹಾಕಿಸ್ಕೋತಾರ, ಓದಾಕ ಮತ್ತ ಕಣ್ಣಿಗೆ ಚಾಳೀಸ ಹಾಕ್ಕೋತಾರ. ನಿಮಗ ಬೇಕಾದ್ರ ಹತ್ತಿರದ್ದ ಹಾಕತೇನಿ. ಪುಸ್ತಕ ಚಾಳೀಸ ಇಲ್ಲದ ಓದತೀರಿ. ದೂರದ ಮಂದಿ ಸ್ವಲ್ಪ ಮಸಕ ಕಾಣತಾರ, ನಡೀತೈತೇನು?"

"ದೂರದ ಮಂದಿ ತಗೊಂಡ ಏನ ಮಾಡ್ಲಿರಿ," ಎಂದ ಶಿದ್ಲಿಂಗಪ್ಪ.

ಆ ಸಂಜೆ ಊಟಕ್ಕೆ ಕೂತವನೇ ಅದನ್ನೆಲ್ಲ ಹೇಳಿದ. ಅವನ ದನಿಯಲ್ಲಿ ಬಹಳ ದಿನದ ಮೇಲೆ ಒಂದು ಚುರುಕು ಇತ್ತು. ಶೆಟ್ಟೆವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಸರಿತಾ ಬಡಿಸುತ್ತಿದ್ದಳು. ಮೊಮ್ಮಗಳು ನಂದಾ ನೀರಿನ ತಂಬಿಗೆ ತಂದಿಟ್ಟಳು. ಮಗ ಮುತ್ತಪ್ಪ ಅಪ್ಪನ ಮಾತು ಮುಗಿಯುವವರೆಗೆ ಸುಮ್ಮನೆ ಉಂಡ.

"ಮೂಡಲಗಿ ಯಾಕಪ್ಪಾ," ಎಂದ ಆಮೇಲೆ. "ಹುಕ್ಕೇರ್ಯಾಗ ದೊಡ್ಡ ದವಾಖಾನಿ ಐತಿ. ದೊಡ್ಡ ಡಾಕ್ಟರು. ಮಿಷನ್ ಎಲ್ಲಾ ಹೊಸಾವ."

"ಆ ದೊಡ್ಡ ಡಾಕ್ಟರ ನನಗ ಗುರುತಿಲ್ಲ. ಈಕಿ ಎದುರಿಗೆ ಕುಂತ ಮಾತಾಡಿದಳು."

"ಮಾತಾಡಿದ್ರ ಕಣ್ಣು ಬರತಾವೇನು? ಕೈ ಬೇಕು."

"ಅಣ್ಣಪ್ಪನ ಕಣ್ಣ ಬಂದಿಲ್ಲೇನು?"

"ಅಣ್ಣಪ್ಪ ಕಾಕಾಂದ ಹೇಳಬ್ಯಾಡ. ನಿನ್ನಿ ನಮ್ಮ ಎಮ್ಮಿ ಹಿಡ್ಕೊಂಡ ತನ್ನ ಕೊಟ್ಟಿಗಿಗೆ ಹೊಂಟಿದ್ದ."

"ಅದು ಕಣ್ಣಿನ ದೋಷಲ್ಲ, ಅವನ ಹಳೇ ಚಾಳಿ," ಎಂದ ಶಿದ್ಲಿಂಗಪ್ಪ. ನಂದಾ ನಕ್ಕಳು. ಮುತ್ತಪ್ಪ ನಗಲಿಲ್ಲ.

ಮುತ್ತಪ್ಪ ಹೇಳದೆ ಇಟ್ಟುಕೊಂಡದ್ದು ಬೇರೆ ಇತ್ತು. ನಂದಾಳಿಗೆ ಬೆಲ್ಲದ ಬಾಗೇವಾಡಿಯಿಂದ ಒಂದು ಸಂಬಂಧ ಬಂದಿತ್ತು, ಅಷ್ಟು ಅಪ್ಪನಿಗೂ ಗೊತ್ತಿತ್ತು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಪಗಾರದವನು, ಮನೆಯಲ್ಲಿ ನೀರಾವರಿ ಹೊಲ. ಹೋದ ವಾರ ಮುತ್ತಪ್ಪ, ಸರಿತಾ ಅವರ ಮನೆ ನೋಡಲು ಹೋದಾಗ ಹುಡುಗನ ಸೋದರಮಾವ ಅಲ್ಲಿಯೇ ಕುಳಿತಿದ್ದ. ಹುಕ್ಕೇರಿಯ ಕಣ್ಣಿನ ಡಾಕ್ಟರು ಎಂದರೆ ಅವನೇ. ಮಾತಿಗೆ ಮಾತು ಬಂದು, ಮನೆಯ ಹಿರಿಯನಿಗೆ ಪೊರೆ ಬಂದಿದೆ ಎಂದು ತಿಳಿದಾಗ ಅವನು, "ಬೀಗರ ಕಣ್ಣು ನಮ್ಮ ಜವಾಬ್ದಾರಿ, ಕರಕೊಂಡ ಬರ್ರಿ" ಎಂದಿದ್ದ. ಮುತ್ತಪ್ಪ ಎದ್ದು ನಿಂತು, ಕರೆತರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ.

ಅದನ್ನು ಅವನು ತಾಯಿಗೆ ಹೇಳಿದ. ತಾಯಿ, "ನಿಮ್ಮಪ್ಪಗ ಹೇಳಿಬಿಡು," ಎಂದಳು.

"ಹೇಳಿದ್ರ ಅವಾ ಸುಮ್ನ ಇರತಾನೇನವ್ವಾ? ಸೀದಾ ಬಾಗೇವಾಡಿಗೆ ಹೋಗಿ, ಹೆಣ್ಣು ಕೊಡಾಕ ಬಂದೇವೋ ಕಣ್ಣು ಕೊಡಾಕ ಬಂದೇವೋ ಅಂತ ಕೇಳತಾನ. ಕೂಡಿದ್ದು ಮುರೀತೈತಿ. ನೀ ಬಾಯಿ ಬಿಡಬ್ಯಾಡ."

ಶೆಟ್ಟೆವ್ವ ಬಾಯಿ ಬಿಡಲಿಲ್ಲ.

ಮೂಡಲಗಿಯೋ ಹುಕ್ಕೇರಿಯೋ ಎಂಬ ಮಾತು ದಿನಾ ಊಟದ ಹೊತ್ತಿಗೆ ಏಳುತ್ತಿತ್ತು. ಮುತ್ತಪ್ಪ ಹುಕ್ಕೇರಿ ಅನ್ನುವನು, ಸರಿತಾ ಪಲ್ಯ ನೀಡುತ್ತ, "ಅವರು ಹೇಳೂದು ಖರೆ ಐತ್ರಿ ಮಾವಾರ" ಅನ್ನುವಳು. ಶಿದ್ಲಿಂಗಪ್ಪ ಶೆಟ್ಟೆವ್ವನ ಕಡೆ ತಿರುಗಿ, "ನೀ ಏನಂತಿ?" ಎಂದು ಕೇಳುವನು. "ನನಗೇನ ತಿಳೀತೈತಿ," ಎಂದು ಅವಳು ರೊಟ್ಟಿ ತಿರುವಿ ಹಾಕುವಳು. ಕಡೆಗೆ ಒಂದು ದಿನ ಅವನೇ ಸೋತು ಅಂದ:

"ನಮ್ಮ ನಮ್ಮೊಳಗ ಜಗಳ ಯಾಕ. ಬಸವಣ್ಣನ ಕೇಳೂನು. ಹೂವ ಬಲಕ್ಕ ಕೊಟ್ರ ಹುಕ್ಕೇರಿ. ಎಡಕ್ಕ ಕೊಟ್ರ ಮೂಡಲಗಿ. ಅವಾ ಹೇಳಿದ ಮ್ಯಾಲ ನಾ ಒಂದ ಮಾತ ಆಡಾಂಗಿಲ್ಲ."

ಆ ವರ್ಷ ಗುಡಿಯ ಪೂಜೆಯ ಪಾಳಿ ಅವರ ಮನೆಯದೇ. ಸೋಮವಾರ ಬೆಳಿಗ್ಗೆ ಮುತ್ತಪ್ಪ ಮಿಂದು ಮಡಿಯುಟ್ಟು, ಕರಿಕಲ್ಲಿನ ಬಸವಣ್ಣನಿಗೆ ನೀರೆರೆದು ಎಣ್ಣೆ ಸವರಿದ. ಬಿಳಿ ಕಣಗಿಲ ಹೂವೆರಡನ್ನು ನೀರಿನಲ್ಲಿ ಅದ್ದಿ, ಒಂದೊಂದನ್ನು ಒಂದೊಂದು ಕೋಡಿನ ಬುಡಕ್ಕೆ ಅಂಟಿಸಿ ಈಚೆಗೆ ಬಂದ. ಎದುರು ನಿಂತವರ ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಆ ಊರಲ್ಲಿ ಹೆಣ್ಣು ತರುವುದಕ್ಕೆ, ಬಾವಿ ತೋಡುವುದಕ್ಕೆ, ಎಲ್ಲದಕ್ಕೂ ಕೇಳುವುದು ಹೀಗೆಯೇ.

ಐವರೂ ಕೈಮುಗಿದು ನಿಂತರು. ಶಿದ್ಲಿಂಗಪ್ಪ ಪದ್ಯವೊಂದನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ. ಬಸವಣ್ಣನ ಕಡೆಯೇ ಮುಖ ಮಾಡಿದ್ದರೂ ಅವನಿಗೆ ಕಾಣುತ್ತಿದ್ದದ್ದು ದೀಪದ ಒಂದು ಹಳದಿ ಬೆಳಕು, ಅದರ ಹಿಂದೆ ಒಂದು ಕಪ್ಪು.

ಎಡಗಡೆಯ ಹೂವು ಜಾರಿತು. ಬಸವಣ್ಣನ ಮೂಗಿನ ಮೇಲೆ ಒಂದಿಷ್ಟು ತಡೆದು, ಕೆಳಗೆ ಬಿತ್ತು. ಬಲಗಡೆಯದು ಅಲ್ಲಾಡಲಿಲ್ಲ.

ನಾಲ್ವರೂ ಅದನ್ನು ನೋಡಿದರು. ಸರಿತಾ ಗಂಡನ ಮುಖ ನೋಡಿದಳು. ನಂದಾ ಅಜ್ಜಿಯ ಮುಖ ನೋಡಿದಳು.

"ಬಿದ್ದಂಗಾತಲ್ಲ," ಎಂದ ಶಿದ್ಲಿಂಗಪ್ಪ. "ಯಾವ ಕಡೆ ಬಿತ್ತೋ ಮುತ್ತಪ್ಪಾ?"

"ಬಲಕ್ಕ ಬಿತ್ತಪ್ಪಾ," ಎಂದ ಮುತ್ತಪ್ಪ.

ಶಿದ್ಲಿಂಗಪ್ಪ ಹೆಂಡತಿ ನಿಂತಿದ್ದ ಕಡೆಗೆ ಮುಖ ತಿರುಗಿಸಿದ. "ಹೌದೇನ?"

ಶೆಟ್ಟೆವ್ವ ಸೆರಗು ಸರಿಪಡಿಸಿಕೊಂಡಳು. "ಹೂಂ," ಎಂದಳು. "ಬಲಕ್ಕ."

ಅವನು ಅಲ್ಲಿಯೇ ಬಾಗಿ ನೆಲಕ್ಕೆ ಹಣೆ ಹಚ್ಚಿದ. "ನೀ ಅಂದ್ರ ಆತು ತಂದೆ," ಎಂದ ಬಸವಣ್ಣನಿಗೆ.

ಹುಕ್ಕೇರಿಯ ದವಾಖಾನೆ ದೊಡ್ಡದೇ ಇತ್ತು. ಡಾಕ್ಟರು ಒಳ್ಳೆಯ ಮನುಷ್ಯ, ಕೆಲಸ ಬಲ್ಲವನು. ಆದರೆ ಬಾಗಿಲಲ್ಲಿ ಜನ ತುಂಬಿದ್ದರು, ಅವನು ಕೇಳುವುದನ್ನೆಲ್ಲ ನಿಂತ ನಿಲುವಿನಲ್ಲೇ ಕೇಳುತ್ತಿದ್ದ. ಮುತ್ತಪ್ಪ ಅಪ್ಪನಿಗಿಂತ ಮುಂದೆ ನಿಂತು ಉತ್ತರ ಕೊಡುತ್ತಿದ್ದ.

"ಶುಗರ್ ಐತೇನ್ರಿ?"

"ಇಲ್ಲರಿ ಸರ."

"ಏನ ಕೆಲಸ ಮಾಡತಾರ?"

"ಹೊಲ ಮನಿ ನೋಡ್ಕೋತಾರ್ರಿ. ಮತ್ತೇನಿಲ್ಲ."

ಶಿದ್ಲಿಂಗಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ದಾದಿ ಬಂದು ಅವನ ಕಣ್ಣಿಗೆ ಔಷಧ ಬಿಟ್ಟು ಮುಚ್ಚಿಸಿದಳು. ಮೊದಲು ಬಲಗಣ್ಣು, ಎಡಗಣ್ಣು ಆಮೇಲೆ ಎಂದು ನಿಶ್ಚಯವಾಯಿತು. ಆಪರೇಶನ್ ಮಾಡಿ ಕಪ್ಪು ಚಾಳೀಸ ಕೊಟ್ಟು ಕಳಿಸಿದರು. ದವಾಖಾನೆಯ ಬಾಗಿಲವರೆಗೆ ಡಾಕ್ಟರು ತಾನೇ ಬಂದು, "ಕಾಳಜಿ ಮಾಡ್ರಿ, ನಮ್ಮ ಮನಿ ಹಿರಿಯಾರು," ಎಂದ. ಈ ಮಾತು ಶಿದ್ಲಿಂಗಪ್ಪನಿಗೆ ವಿಚಿತ್ರವೆನಿಸಿತು. ಎಲ್ಲರಿಗೂ ಹೀಗೇ ಅನ್ನುತ್ತಾನೇನೋ ಅಂದುಕೊಂಡ.

ಕಣ್ಣು ಬಂತು. ಬಂದ ಕಣ್ಣು ಚೆನ್ನಾಗಿಯೇ ಬಂತು. ಕಟ್ಟೆಯ ಮೇಲೆ ಕೂತರೆ ಅವನಿಗೆ ಓಣಿಯ ಕೊನೆಯ ಹುಣಸೆ ಮರ, ಅದರಾಚೆ ಕಬ್ಬಿನ ಹೊಲದಲ್ಲಿ ನೀರು ಬಿಡುವವನ ಹೆಗಲ ಮೇಲಿನ ಕೆಂಪು ವಸ್ತ್ರ, ಎಲ್ಲ ಕಂಡಿತು. ಅಣ್ಣಪ್ಪ ದೂರದಲ್ಲಿ ಬರುವುದನ್ನು ಕಂಡು, "ಅಂಗಿ ಗುಂಡಿ ತಪ್ಪಿಸಿ ಹಾಕ್ಕೊಂಡಿ ನೋಡ," ಎಂದು ಕೂಗಿದ. ಅಣ್ಣಪ್ಪ ನಿಂತಲ್ಲೇ ಎದೆ ನೋಡಿಕೊಂಡು, "ಇಂವಗ ಕಣ್ಣ ಬರಸಿ ತಪ್ಪ ಮಾಡಿದ್ರಿ," ಎಂದ.

ಆದರೆ ಪುಸ್ತಕ ತೆರೆದರೆ ಅಕ್ಷರ ನಿಲ್ಲಲಿಲ್ಲ. ತೋಳು ಚಾಚಿ ಹಿಡಿದ, ಬಾಗಿಲ ಬೆಳಕಿಗೆ ಹಿಡಿದ. ಸಾಲುಗಳು ಒಂದರ ಮೇಲೊಂದು ಕೂತಿದ್ದವು. ಅಣ್ಣಪ್ಪನ ಚಾಳೀಸ ಹಾಕಿಕೊಂಡರೆ ತಲೆ ಸುತ್ತಿತು. ಮರುತಪಾಸಣೆಗೆ ಹೋದಾಗ ಕೇಳಿದ.

"ಓದಾಕ ಚಾಳೀಸ ಬೇಕಾಗತೈತಿ ಅಜ್ಜಾರ," ಎಂದ ಡಾಕ್ಟರು. "ಎಲ್ಲಾರಿಗೂ ದೂರದ್ದ ಲೆನ್ಸ್ ಹಾಕತೇವಿ. ಎರಡೂ ಕಣ್ಣು ಮುಗದ, ನಂಬರ ಒಂದ ಕಡೆ ನಿಂತ ಮ್ಯಾಲ ಚಾಳೀಸ ಬರದ ಕೊಡತೇನಿ. ಈಗ ತಗೊಂಡ್ರ ಹಾಳ."

"ಶ್ರಾವಣದಾಗ ಆಗತೈತೇನ್ರಿ?"

"ಶ್ರಾವಣ ದಾಟತೈತ್ರಿ. ಯಾಕ, ಏನಿತ್ತು?"

"ಏನಿಲ್ಲ," ಎಂದ ಶಿದ್ಲಿಂಗಪ್ಪ.

ಆ ಮಧ್ಯಾಹ್ನ ಅವನು ಊಟಕ್ಕೆ ಕೂತ. ಶೆಟ್ಟೆವ್ವ ತಾಟು ಇಟ್ಟು, "ಬಲಕ್ಕ ಹೆಸರ ಕಾಳ," ಎಂದಳು. ಅಡುಗೆಮನೆಯ ಮಬ್ಬಿನಲ್ಲಿ, ಕಪ್ಪು ಚಾಳೀಸಿನ ಹಿಂದೆ, ತಾಟು ಅವನಿಗೆ ಇನ್ನೂ ಮಸಕೇ.

"ಆ ಮೂಡಲಗಿ ಡಾಕ್ಟರಬಾಯಿ ನನ್ನ ಕೇಳಿದ್ದಳು," ಎಂದ ಅವನು. "ದೂರೋ ಹತ್ತಿರೋ ಅಂತ."

"ಮತ್ತ ಅದ ರಾಗ," ಎಂದ ಮುತ್ತಪ್ಪ. "ಕಣ್ಣ ಬಂದಾವಲ್ಲ?"

"ಬಂದಾವ, ಬಂದಿಲ್ಲ ಅಂದೆನೇನು. ಬಸವಣ್ಣ ಅಲ್ಲಿಗೆ ಹೋಗಂದ, ಹೋದೆ. ಅವಾ ಏನ ವಿಚಾರ ಮಾಡ್ಯಾನೋ. ಈ ಸಲ ಓದೂದು ಬ್ಯಾಡಂತ ಇರಬೇಕು."

ಶೆಟ್ಟೆವ್ವನ ಕೈಯಲ್ಲಿದ್ದ ಸವಟು ಗಡಿಗೆಯ ಬಾಯಿಗೆ ಬಡಿಯಿತು. "ಇನ್ನಷ್ಟ ಹಾಕ್ಲೇನ್ರಿ?" ಎಂದಳು. ಅವನು ಸಾಕು ಎಂದ.

ಆಷಾಢ ಮುಗಿಯುತ್ತ ಬಂದಾಗ ಬಾಗೇವಾಡಿಯವರು ಮದುವೆ ಗಟ್ಟಿ ಮಾಡುವ ಸಕ್ಕರೆ ಶಾಸ್ತ್ರಕ್ಕೆ ದಿನ ನೋಡುತ್ತಿದ್ದರು. ಅದಕ್ಕೆ ಮೊದಲು ಎಡಗಣ್ಣೂ ಹುಕ್ಕೇರಿಯಲ್ಲಿ ಆಗಿಬಿಡಲಿ ಎಂದು ಮುತ್ತಪ್ಪನ ಆತುರ. ಬೀಗರಿಗೆ ಒಯ್ಯಲು ಗೋಕಾಕಕ್ಕೆ ಹೋಗಿ ಕರದಂಟಿನ ಡಬ್ಬಿಗಳನ್ನೂ ತಂದಿಟ್ಟ.

"ಎರಡನೇದು ಅಲ್ಲೇ ಮಾಡಸೂದು ಅಂದ್ರ ಇನ್ನೊಮ್ಮೆ ಹೂವ ಕೇಳೂನು," ಎಂದ ಶಿದ್ಲಿಂಗಪ್ಪ.

"ಒಮ್ಮೆ ಕೇಳೇವಲ್ಲಪ್ಪಾ."

"ಆಗ ಬಲಗಣ್ಣಿನ ಸಲವಾಗಿ ಕೇಳಿದ್ವಿ. ಇದು ಎಡಗಣ್ಣು."

ಮುತ್ತಪ್ಪ ಹೆಚ್ಚು ವಾದಿಸಲಿಲ್ಲ. ಕೇಳಿದರೂ ಅಷ್ಟೇ ಎಂದು ಅವನಿಗೆ ಗೊತ್ತಿತ್ತು. ಅಪ್ಪ ಇನ್ನೂ ಕಪ್ಪು ಚಾಳೀಸಿನಲ್ಲೇ ಇದ್ದ, ಗರ್ಭಗುಡಿ ಕತ್ತಲೆ. ಮನೆಯಲ್ಲಿ ತಾಟು ಕಾಣದವನಿಗೆ ಅಲ್ಲಿ ಏನು ಕಂಡೀತು. ಹತ್ತಿರ ಕಾಣದ ಕಣ್ಣಿಗೆ ದೂರ ಕಾಣುತ್ತದೆ ಎಂಬುದನ್ನು ಮುತ್ತಪ್ಪ ಡಾಕ್ಟರ ಬಾಯಿಂದ ಕೇಳಿದ್ದ, ಆದರೆ ಕಿವಿಯಲ್ಲಿ ಇಟ್ಟುಕೊಂಡಿರಲಿಲ್ಲ.

ಮತ್ತೊಂದು ಸೋಮವಾರದ ಬೆಳಗು, ಅದೇ ಐವರು. ಮುತ್ತಪ್ಪ ಹೂವು ಅದ್ದಿ ಅಂಟಿಸಿ ಈಚೆಗೆ ಬಂದ. ಶಿದ್ಲಿಂಗಪ್ಪ ಗರ್ಭಗುಡಿಯ ಹೊಸ್ತಿಲಿಂದ ಈಚೆ, ಕಂಬಕ್ಕೆ ಬೆನ್ನು ತಾಗಿಸಿ ನಿಂತಿದ್ದ. ಎಷ್ಟೋ ದಿನಕ್ಕೆ ಅವನು ಬಸವಣ್ಣನನ್ನು ಕಂಡ. ಎಣ್ಣೆ ಸವರಿದ ಕರಿಯ ಹಣೆ, ದೀಪದ ಬೆಳಕಿಗೆ ಮಿನುಗುವ ಬೆಳ್ಳಿಯ ಕಣ್ಣು, ಎರಡು ಕೋಡಿನ ಬುಡದಲ್ಲಿ ಎರಡು ಬಿಳಿ ಹೂವು. ಕಂಡೆನಲ್ಲ ತಂದೆ ಎಂದು ಮನಸ್ಸಿನಲ್ಲೇ ಹೇಳಿ ಕೈ ಮುಗಿದ. ಈ ಸಂತೋಷವನ್ನು ಮೊದಲು ಹೆಂಡತಿಗೆ ಹೇಳಬೇಕು ಅಂದುಕೊಂಡ.

ಎಡಗಡೆಯ ಹೂವು ಅಲುಗಿತು. ಕರಿಯ ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಂತೆ ಜಾರಿ ಬಿತ್ತು.

ಬಸವಣ್ಣ ಬ್ಯಾಡ ಅಂದನೇ ಎಂದು ಅವನಿಗೆ ಅನ್ನಿಸಿತು. ರೂಢಿಯಂತೆ ಕೇಳಿದ, ಬೇರೆ ಯಾವ ಯೋಚನೆಯೂ ಇಲ್ಲದೆ: "ಯಾವ ಕಡೆ ಬಿತ್ತೋ?"

"ಬಲಕ್ಕ ಅಪ್ಪಾ," ಎಂದ ಮುತ್ತಪ್ಪ, ಗಂಟೆಯ ಸರಪಳಿ ಹಿಡಿದುಕೊಂಡು.

ಶಿದ್ಲಿಂಗಪ್ಪ ಮಗನ ಬೆನ್ನನ್ನು ನೋಡಿದ. ಮತ್ತೆ ಬಸವಣ್ಣನನ್ನು ನೋಡಿದ. ಬಲಗಡೆಯ ಹೂವು ಅಲ್ಲೇ ಇತ್ತು. ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. ಅವಳ ಮುಖವನ್ನು ಅವನು ಇಷ್ಟು ಸ್ಪಷ್ಟವಾಗಿ ಕಂಡು ಬಹಳ ಕಾಲವಾಗಿತ್ತು. ಹಣೆಯ ವಿಭೂತಿ, ಕಿವಿಯ ಬೆಂಡೋಲಿ, ಕೆಳಗೆ ನೋಡುವ ಕಣ್ಣು.

"ನೀ ಏನಂತಿ?" ಎಂದು ಅವಳನ್ನು ಕೇಳಿದ.

"ಬಲಕ್ಕರಿ," ಎಂದಳು ಶೆಟ್ಟೆವ್ವ.

ಅವನು ಈ ಸಲ ನೆಲಕ್ಕೆ ಹಣೆ ಹಚ್ಚಲಿಲ್ಲ. ಮೆಟ್ಟಿಲಿಳಿದು, ಗೋಡೆ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ಮನೆಗೆ ನಡೆದ.

ಆ ದಿನ ಅವನು ಏನೂ ಹೇಳಲಿಲ್ಲ. ಮರುದಿನವೂ ಇಲ್ಲ. ಉಂಡ, ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಮೇವು ಹಾಕಿದ. ಸರಿತಾ ಗಂಡನಿಗೆ, "ಮಾವಾರ ಯಾಕ ಸುಮ್ನ ಅದಾರ?" ಎಂದರೆ, ಅವನು, "ಆಪರೇಶನ್ ಅಂಜಿಕಿ," ಎಂದ. ಮೂರನೆಯ ದಿನ ಬೆಳಿಗ್ಗೆ ನಂದಾ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅಜ್ಜ ಬಂದು ಒಗೆಯುವ ಕಲ್ಲಿನ ಬಾಜೂ ಕೂತ.

"ನಂದಾ, ಒಂದ ಮಾತ ಕೇಳತೇನಿ. ಕಾರ ಹುಣ್ಣಿವಿ ಆದ ಮ್ಯಾಲ ಮದಲನೇ ಸಲ ಹೂವ ಕೇಳಿದ್ವಿ. ನೀ ನನ್ನ ಹಿಂದ ನಿಂತಿದ್ದಿ."

ನಂದಾ ಕೈಯಲ್ಲಿದ್ದ ಸೀರೆಯನ್ನು ಹಿಂಡುತ್ತಲೇ ಇದ್ದಳು. ನೀರೆಲ್ಲ ಹೋದ ಮೇಲೂ ಹಿಂಡಿದಳು.

"ಎಡಕ್ಕ ಬಿದ್ದಿತ್ತಜ್ಜಾ," ಎಂದಳು. "ಎರಡೂ ಸಲ. ನನ್ನ ಸಂಬಂಧ ಮುರೀತೈತಿ ಅಂತ ಹಂಗ ಅಂದ್ರು. ಆ ಡಾಕ್ಟರು ಆ ಹುಡುಗನ ಮಾಮಾ ಆಗಬೇಕು."

"ನಿಮ್ಮ ಅಜ್ಜಿಗೂ ಗೊತ್ತಿತ್ತು?"

"ಎಲ್ಲಾರಿಗೂ ಗೊತ್ತಿತ್ತಜ್ಜಾ."

ಶಿದ್ಲಿಂಗಪ್ಪ ಎದ್ದ. "ಸೀರಿ ಹರೀತೈತಿ, ಬಿಡು," ಎಂದು ಹೋದ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಮುತ್ತಪ್ಪ, "ನಾಡದ ಹುಕ್ಕೇರಿಗೆ ಹೋಗೂನಪ್ಪಾ. ಡಾಕ್ಟರಿಗೆ ಫೋನ್ ಮಾಡೇನಿ," ಎಂದ.

"ನಾ ಬರಾಂಗಿಲ್ಲ."

"ಯಾಕ? ಬಸವಣ್ಣ ಬಲಕ್ಕ ಕೊಟ್ಟಾನಲ್ಲ?"

"ಮುತ್ತಪ್ಪಾ," ಎಂದ ಶಿದ್ಲಿಂಗಪ್ಪ. ಪುರಾಣದಲ್ಲಿ ಆರನೆಯ ಸಾಲಿಗೆ ದನಿ ಇಳಿಸುವಂತೆ ಇಳಿಸಿ ಹೇಳಿದ. "ನೀ ಹಾಕಿಸಿದ ಕಣ್ಣು ದೂರದ್ದು. ನನಗ ಪುಸ್ತಕ ಕಾಣೂದಿಲ್ಲ. ಬಸವಣ್ಣ ಚಲೋ ಕಾಣತಾನ."

ಸರಿತಾಳ ಕೈ ರೊಟ್ಟಿಯ ಬುಟ್ಟಿಯ ಮೇಲೆ ನಿಂತಿತು. ಮುತ್ತಪ್ಪ ಒಮ್ಮೆ ತಾಯಿಯ ಕಡೆ, ಒಮ್ಮೆ ಮಗಳ ಕಡೆ ನೋಡಿ, ಕೊನೆಗೆ ದನಿಯನ್ನೇ ಎತ್ತರಿಸಿದ.

"ಆತು, ಎಡಕ್ಕ ಬಿತ್ತು. ಏನೀಗ? ಕೂಸಿನ ಮದವಿ ಸಲವಾಗಿ ಮಾಡಿದೆ. ನನ್ನ ಸಲವಾಗಿ ಮಾಡಿದೆನೇನು? ಕಣ್ಣ ಹೋಗ್ಯಾವೇನು ನಿನ್ನುವು? ಬಂದಾವಲ್ಲ?"

"ಕೂಸಿನ ಸಲವಾಗಿ ಅಂತ ನನಗ ಹೇಳಿದ್ಯಾ?"

"ಹೇಳಿದ್ರ ನೀ ಹೋಗಿ ಜಗಳ ತಗೀತಿದ್ದಿ."

"ನಾ ಎಂದ ಯಾರ ಮನಿಗೆ ಹೋಗಿ ಜಗಳ ತಗದೇನೋ?" ಎಂದ ಶಿದ್ಲಿಂಗಪ್ಪ. "'ಅಪ್ಪಾ, ನಂದಾನ ಸಲವಾಗಿ ಅಲ್ಲಿ ಮಾಡಿಸ್ಕೋ' ಅಂತ ನೀ ಅಂದಿದ್ರ ಎರಡೂ ಕಣ್ಣ ಅವರ ಕೈಯಾಗ ಇಟ್ಟ ಬರತಿದ್ದೆ. ಹೂವ ಯಾಕ ಕೇಳತಿದ್ದೆ? ಓದೂದು ಬಿಟ್ಟಿರತಿದ್ದೆ, ನಕ್ಕೋತ ಬಿಡತಿದ್ದೆ. ನೀವು ನನ್ನ ಕೇಳಲಿಲ್ಲ. ಬಸವಣ್ಣನ ಬಾಯಾಗ ನಿಮ್ಮ ಮಾತ ಇಟ್ರಿ."

"ಈಗ ಕೇಳತೇವ್ರಿ ಮಾವಾರ," ಎಂದಳು ಸರಿತಾ. ಅವಳ ಕಣ್ಣು ತುಂಬಿತ್ತು. "ತಪ್ಪಾತು. ಈಗ ಕೇಳತೇವಿ, ಕೂಸಿನ ಸಲವಾಗಿ ಹೋಗ್ರಿ."

"ಈಗ ಅವಾ ಬ್ಯಾಡ ಅಂದಾನವಾ. ನಾನ ಕಂಡೇನಿ. ಕಂಡ ಮ್ಯಾಲ ಹೆಂಗ ಹೋಗ್ಲಿ?"

ಶಿದ್ಲಿಂಗಪ್ಪ ಶೆಟ್ಟೆವ್ವನ ಕಡೆ ನೋಡಿದ. ಅವಳು ಒಲೆಯ ಕಡೆ ಮುಖ ಮಾಡಿ ಕೂತಿದ್ದಳು.

"ಇವರಿಬ್ಬರದು ಬಿಡು," ಎಂದ. "ನೀ ಯಾಕ ಹಂಗ ಅಂದ್ಯಾ?"

"ಮಗನ ಮಾತ ಮುರದ್ರ ಮನಿ ಮುರೀತೈತಿ ಅನ್ನಿಸ್ತರಿ," ಎಂದಳು ಅವಳು, ತಿರುಗದೆ. "ಒಂದ ಸಲ ಅಂದೆ. ಎರಡನೇ ಸಲಕ್ಕ ತಿರುಗಿ ಬರಾಕ ದಾರಿ ಇರಲಿಲ್ಲ."

ಅವನು ಕೈ ತೊಳೆದು ಎದ್ದ.

ಸಂಜೆ ಮುತ್ತಪ್ಪ ಅಂಗಳದಲ್ಲಿ ಓಡಾಡುತ್ತ ಬಾಗೇವಾಡಿಗೆ ಫೋನ್ ಹಚ್ಚಿದ. ಎಡಗಣ್ಣು ಮೂಡಲಗಿಯಲ್ಲಿ ಮಾಡಿಸುತ್ತಾರಂತೆ, ಹಿರಿಯರ ಹಟ, ತಪ್ಪು ತಿಳಿಯಬಾರದು ಎಂದು ತಡವರಿಸುತ್ತ ಹೇಳಿದ. ಆ ಕಡೆಯಿಂದ ಹುಡುಗನ ತಾಯಿಯ ದನಿ ಅಂಗಳದವರೆಗೂ ಕೇಳಿಸುವಷ್ಟು ಜೋರಾಗಿ ಬಂತು.

"ಅಯ್ಯ, ಅದಕ್ಯಾಕ ಇಷ್ಟ ಸಂಕೋಚ ಮಾಡ್ಕೋತೀರಿ? ಅವರಿಗೆ ಎಲ್ಲಿ ನಂಬಿಕಿ ಐತಿ ಅಲ್ಲಿ ಮಾಡಿಸ್ರಿ. ನಮ್ಮ ಅಣ್ಣಾ ಅವತ್ತ ಸಹಜ ಅಂದಿದ್ದ. ಅವಗ ನೆನಪೂ ಇರಲಿಕ್ಕಿಲ್ಲ. ಸಕ್ಕರಿ ಶಾಸ್ತ್ರಕ್ಕ ಹಿರಿಯಾರ್ನ ಮಾತ್ರ ಮರೀದ ಕರಕೊಂಡ ಬರ್ರಿ."

ಮುತ್ತಪ್ಪ ಫೋನ್ ಕಿಸೆಗೆ ಹಾಕಿಕೊಂಡ. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ಎಲ್ಲ ಕೇಳಿಸಿಕೊಂಡಿದ್ದ. ಮುತ್ತಪ್ಪ ಅಲ್ಲೇ ನಿಂತ, ಒಂದು ಬೈಗುಳವನ್ನಾದರೂ ಕಾಯುವವನಂತೆ. ಅಪ್ಪ ಹುಣಸೆ ಮರದ ಕಡೆ ನೋಡುತ್ತಲೇ ಕೂತಿದ್ದ.

ಶಿದ್ಲಿಂಗಪ್ಪ ಅಣ್ಣಪ್ಪನ ಜೊತೆ ಮೂಡಲಗಿಗೆ ಹೋಗಿ ಬಂದ. ಸೋನಾಲಿ ಡಾಕ್ಟರಬಾಯಿ ಬಲಗಣ್ಣು ನೋಡಿ, "ಕೆಲಸ ಚಲೋ ಮಾಡ್ಯಾರ ಕಾಕಾ," ಎಂದಳು. "ಇದು ದೂರಕ್ಕಿರಲಿ. ಎಡಗಣ್ಣಿಗೆ ಹತ್ತಿರದ್ದು ಹಾಕೂನು. ಆದ್ರ ಬಲಗಣ್ಣು ಪೂರಾ ಮಾಯಲಿ. ಶ್ರಾವಣ ಆದ ಮ್ಯಾಲ ಬರ್ರಿ." ಆಮೇಲೆ ಕೇಳಿದಳು: "ಇಲ್ಲಿಗೆ ಬರತೇನಿ ಅಂದಿದ್ರಿ. ಅಲ್ಲಿ ಯಾಕ ಹೋದ್ರಿ?"

"ಬಲಕ್ಕ ಬಿತ್ತು ಅಂದ್ರು, ಹೋದೆ," ಎಂದ ಅವನು. ಆಕೆಗೆ ತಿಳಿಯಲಿಲ್ಲ. ಅಣ್ಣಪ್ಪನಿಗೂ ತಿಳಿಯಲಿಲ್ಲ, ಬಸ್ಸಿನಲ್ಲಿ ಕೇಳಿದ್ದಕ್ಕೆ ಶಿದ್ಲಿಂಗಪ್ಪ ಕಿಟಕಿಯಾಚೆ ನೋಡುತ್ತ, "ಮನಿ ಮಾತು," ಎಂದಷ್ಟೇ ಅಂದ.

ಶ್ರಾವಣದ ಮೊದಲ ಸಂಜೆ ಗುಡಿಯಲ್ಲಿ ಜಮಖಾನೆ ಹಾಸಿ, ಪೀಠದ ಮೇಲೆ ಪುಸ್ತಕ ಇಟ್ಟು, ಜನ ಅವನಿಗಾಗಿ ದಾರಿ ಬಿಟ್ಟರು. ಅವನು ಪೀಠದವರೆಗೆ ಹೋಗಿ ಪುಸ್ತಕಕ್ಕೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡ. "ಯಲ್ಲಾಲಿಂಗಾ, ನೀ ಕುಂದರು. ನನಗ ಅಕ್ಷರ ಕಾಣೂಹಂಗಿಲ್ಲ," ಎಂದ.

"ಬಾಯಿಪಾಠ ಐತಲ್ಲರಿ ಅಜ್ಜಾರ, ಬಂದಷ್ಟ ಅನ್ರಿ," ಎಂದರು ಯಾರೋ.

"ಕಾಣದ್ದನ್ನ ಕಂಡವರಂಗ ಕುಂತ ಹೇಳೂದು ಬ್ಯಾಡ," ಎಂದು ಅವನು ಕಂಬದ ಬುಡದಲ್ಲಿ, ಕೇಳುವವರ ನಡುವೆ ಕೂತ. ಹೆಂಗಸರ ಸಾಲಿನಲ್ಲಿದ್ದ ಶೆಟ್ಟೆವ್ವ ತಲೆ ತಗ್ಗಿಸಿದಳು. ಯಲ್ಲಾಲಿಂಗ ಎಳೆಯ ದನಿಯಲ್ಲಿ ಪದ್ಯ ಎತ್ತಿಕೊಂಡ. ಮೂರನೆಯ ಸಾಲಿಗೆ ಎಲ್ಲಿ ಉಸಿರು ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲಿಲ್ಲ. ಶಿದ್ಲಿಂಗಪ್ಪನ ತುಟಿ ಮಾತ್ರ ಅಲ್ಲಿ ಒಮ್ಮೆ ನಿಂತು ಮುಂದೆ ಹೋಯಿತು.

ಮನೆಗೆ ಬಂದಾಗ ಶೆಟ್ಟೆವ್ವ ಬಿಸಿ ರೊಟ್ಟಿ ಮಾಡಿದಳು. ಆ ಹೊತ್ತು ಯಾರಿಗೂ ಬಡಿಸಲು ಬಿಡದೆ ತಾನೇ ತಾಟು ಹಚ್ಚಿಕೊಂಡು ಬಂದಳು. ಅವನ ಮುಂದೆ ಇಟ್ಟು, ಎಂದಿನಂತೆ ಬಾಜೂ ಕೂತಳು.

"ಬಲಕ್ಕ ಬದನಿಕಾಯಿ ಪಲ್ಲೆ ಐತಿ," ಎಂದಳು. "ಎಡಕ್ಕ ಕೆಂಪ ಖಾರ. ಮೊಸರ ಮ್ಯಾಲ."

ಶಿದ್ಲಿಂಗಪ್ಪ ರೊಟ್ಟಿ ಮುರಿದು ಕೈಯಲ್ಲಿ ಹಿಡಿದ. ಆಮೇಲೆ ಇನ್ನೊಂದು ಕೈಯ ತೋರುಬೆರಳನ್ನು ತಾಟಿಗೆ ಇಳಿಸಿ, ಬಲಕ್ಕೆ ಇದ್ದದ್ದನ್ನು ಮುಟ್ಟಿ ನಾಲಿಗೆಗೆ ಹಚ್ಚಿ ನೋಡಿದ. ಎಡಕ್ಕೆ ಇದ್ದದ್ದನ್ನೂ ಮುಟ್ಟಿ ನೋಡಿದ. ವಾಟಿಯ ಅಂಚನ್ನು ತಡವಿದ. ಎಲ್ಲ ಅವಳು ಹೇಳಿದ ಕಡೆಯೇ ಇತ್ತು. ಅವನು ಉಣ್ಣತೊಡಗಿದ.

ಶೆಟ್ಟೆವ್ವ ಆ ಬೆರಳನ್ನೇ ನೋಡುತ್ತ ಕೂತಳು. ಏನೂ ಕಾಣದೆ ಇದ್ದ ಎರಡು ವರ್ಷದಲ್ಲಿ ಅವನು ಒಮ್ಮೆಯೂ ಹಾಗೆ ಮುಟ್ಟಿ ನೋಡಿರಲಿಲ್ಲ.